ಹಿಡಿತ ಇರೋ ಹೆಂಗಸು

ಆಸ್ಪತ್ರೆಯ ಹಿಂಬದಿಯಲ್ಲಿ, ಶವಾಗಾರಕ್ಕೂ ಜನರೇಟರ್ ಶೆಡ್ಡಿಗೂ ನಡುವಿನ ತಗ್ಗಿನಲ್ಲಿ ಲಾಂಡ್ರಿ ಇತ್ತು. ಮೇಲಿನ ವಾರ್ಡುಗಳ ಹಾಸಿಗೆ ಬಟ್ಟೆ, ದಿಂಬಿನ ಚೀಲ, ರೋಗಿಗಳ ಅಂಗಿ, ಆಪರೇಷನ್ ಥಿಯೇಟರಿನ ಹಸಿರು ಬಟ್ಟೆ, ಎಲ್ಲವೂ ಗಂಟು ಕಟ್ಟಿಸಿಕೊಂಡು ಅಲ್ಲಿಗೆ ಇಳಿಯುತ್ತಿದ್ದವು. ತೊಳೆದು, ಒಣಗಿಸಿ, ಇಸ್ತ್ರಿ ಹಾಕಿ ಮಡಿಸಿದ ಮೇಲೆ ಟ್ರಾಲಿ ಹತ್ತಿ ಮತ್ತೆ ಮೇಲಕ್ಕೆ ಹೋಗುತ್ತಿದ್ದವು. ಬಾಗಿಲು ತೆರೆದರೆ ಸಾಕು, ಹಬೆ ಮುಖಕ್ಕೆ ರಾಚುತ್ತಿತ್ತು. ಯಂತ್ರಗಳ ಗದ್ದಲಕ್ಕೆ ಅಲ್ಲಿ ಗುಟ್ಟು ಹೇಳಬೇಕಾದರೂ ಕೂಗಿಯೇ ಹೇಳಬೇಕು. ಹೊಸದಾಗಿ ಸೇರಿದವರು ಮನೆಯಲ್ಲೂ ಹಾಗೇ ಅರಚಿ ಮಾತಾಡಿ, "ಇಲ್ಯಾರು ಕಿವುಡರಿದಾರೆ?" ಅಂತ ಬೈಸಿಕೊಳ್ಳುತ್ತಿದ್ದರು.

ಇಸ್ತ್ರಿ ವಿಭಾಗದಲ್ಲಿ ಎಲ್ಲರಿಗಿಂತ ಹಳಬಳು ದೊಡ್ಡಕ್ಕ. ಎತ್ತರದ ಹೆಂಗಸು, ಗಟ್ಟಿ ತೋಳು, ಎರಡೂ ಮುಂಗೈಗಳ ಮೇಲೆ ಹಳೆಯ ಸುಟ್ಟ ಕಲೆಗಳು. ಅವಳು ಮಡಿಸಿದ ಹಾಸಿಗೆ ಬಟ್ಟೆಯನ್ನು ದೂರದಿಂದಲೇ ಗುರುತು ಹಿಡಿಯಬಹುದಿತ್ತು. ನಾಲ್ಕು ಮೂಲೆ ಒಂದರ ಮೇಲೊಂದು ಕೂತು, ಅಂಚು ಚಾಕುವಿನ ಹಾಗೆ ನಿಲ್ಲುತ್ತಿತ್ತು. ಸೇರಿದ ಹೊಸತರಲ್ಲಿ ಅವಳೂ ಎಲ್ಲರಂತೆ ಹೊಟ್ಟೆಪಾಡಿಗೆ ಮಡಿಸುತ್ತಿದ್ದವಳೇ. ಅವಳ ಕೈಗೆ ಆ ಹಟ ಹತ್ತಿಸಿದವನು ದೊರೆ.

ದೊರೆ ಅಂದರೆ ಲಾಂಡ್ರಿಯ ಮ್ಯಾನೇಜರ್. ಅವನು ನಡೆಯುವ ಠೀವಿ ನೋಡಿ, ಹಬೆಯ ಬಾಯ್ಲರ್ ನೋಡಿಕೊಳ್ಳುವ ಬಾಯ್ಲರ್ ಮಾಮ ಇಟ್ಟ ಹೆಸರು ಅದು; ಅವನ ಕಿವಿಗೂ ಬಿದ್ದಿತ್ತು, ಅವನಿಗೆ ಬೇಜಾರೇನೂ ಆಗಿರಲಿಲ್ಲ. ಬಾಯಿ ತೆರೆದರೆ ಬೈಗುಳ. ಕೊಳೆ ಉಳಿದ ಬಟ್ಟೆ ಕಂಡರೆ ಇಡೀ ಅಟ್ಟಿಯನ್ನೇ ಎತ್ತಿ ನೆಲಕ್ಕೆ ಕುಕ್ಕುತ್ತಿದ್ದ. ಅದೇ ಬಾಯಲ್ಲಿ ಮರುದಿನ, "ಏನಮ್ಮ, ಮಗಳ ಜ್ವರ ಬಿಡ್ತಾ?" ಅಂತ ಕೇಳುತ್ತಿದ್ದ. ಯಾರ ಮನೆಯಲ್ಲಿ ಯಾರಿಗೆ ಮೈ ಸರಿಯಿಲ್ಲ, ಯಾರ ಮಗ ಪಾಸಾದ, ಎಲ್ಲ ಅವನಿಗೆ ಗೊತ್ತಿರುತ್ತಿತ್ತು. ಒಮ್ಮೆ ದೊಡ್ಡಕ್ಕ ಮಡಿಸಿಟ್ಟ ಬಟ್ಟೆಯೊಂದನ್ನು ಅಂಗೈ ಮೇಲೆ ಎತ್ತಿ ಹಿಡಿದು, ಯಂತ್ರಗಳನ್ನೆಲ್ಲ ನಿಲ್ಲಿಸಿ ಹೇಳಿದ್ದ, "ನೋಡ್ರಿ, ಕೆಲಸ ಅಂದ್ರೆ ಇದು. ಉಳಿದೋರು ಮಾಡ್ತಿರೋದು ಕೈ ಆಡಿಸೋದು."

ಆ ಒಂದು ಮಾತಿನ ಮೇಲೆ ದೊಡ್ಡಕ್ಕ ವರ್ಷಗಟ್ಟಲೆ ಓಡಿದಳು. ಅಂದು ಸಂಜೆ ಗಂಡನಿಗೆ ಹೇಳಿದಾಗ ಅವನು ಕತ್ತರಿ ಸಾಣೆ ಹಿಡಿಯುತ್ತಿದ್ದ. ಮೂಲೆ ಬೀದಿಯಲ್ಲಿ ಅವನದೊಂದು ಕ್ಷೌರದಂಗಡಿ. ತಲೆ ಎತ್ತದೆ ಅಂದ, "ನಿಮ್ ದೊರೆ ಒಳ್ಳೇ ಕ್ಷೌರಿಕ ಕಣೇ. ಕತ್ತರಿಸೋವಾಗ ಏನೂ ಗೊತ್ತಾಗಲ್ಲ. ಕನ್ನಡಿ ನೋಡ್ಕೊಂಡಾಗ್ಲೇ ಎಷ್ಟು ಹೋಗಿದೆ ಅಂತ ಕಾಣೋದು."

"ನಿಮಗೆ ಹೊಟ್ಟೆಕಿಚ್ಚು," ಅಂದಳು ಅವಳು.

ಹೊರಗಿನ ಅಧಿಕಾರಿಗಳು ಆಸ್ಪತ್ರೆಯ ತಪಾಸಣೆಗೆ ಬರುವ ದಿನ ಬೆಳಿಗ್ಗೆ ತಂಗಿಯ ಫೋನ್ ಬಂತು. "ಅಮ್ಮನ ಉಸಿರು ಒಂಥರಾ ಆಗ್ತಿದೆ ಅಕ್ಕಾ. ಕಣ್ಣು ಬಾಗಿಲ ಕಡೇನೇ ಇದೆ. ಈಗ್ಲೇ ಹೊರಟು ಬಾ." ದೊಡ್ಡಕ್ಕ ಏಪ್ರನ್ ಬಿಚ್ಚಿಕೊಂಡೇ ದೊರೆಯ ಕೋಣೆಗೆ ಹೋದಳು. ಅವನು ಎದ್ದು ಬಂದು ಅವಳ ಮುಂದೆ ನಿಂತ. ದನಿ ಇಳಿಸಿ ಹೇಳಿದ, "ಹೋಗು ಅನ್ನೋದು ನನ್ ಧರ್ಮ. ಆದ್ರೆ ನಿನ್ ಬಿಟ್ರೆ ಇವತ್ತು ನಂಗೆ ಯಾರಿದಾರೆ ಹೇಳು? ಅವರು ಬಂದು ನೋಡೋದೇ ನಿನ್ ಮೇಜನ್ನ. ಅದೊಂದು ಮುಗೀಲಿ, ನಾನೇ ಕಾರಲ್ಲಿ ಬಿಟ್ಟು ಬರ್ತೀನಿ."

ಅವಳು ಏಪ್ರನ್ ಮತ್ತೆ ಕಟ್ಟಿಕೊಂಡಳು. ನಿಜ ಹೇಳಬೇಕೆಂದರೆ ಅವಳಿಗೆ ಆ ಕ್ಷಣ ದುಃಖಕ್ಕಿಂತ ಹೆಮ್ಮೆಯೇ ಹೆಚ್ಚಾಗಿತ್ತು. ಅಧಿಕಾರಿಗಳು ಬಂದರು, ಅವಳ ಮೇಜಿನ ಮುಂದೆ ನಿಂತು ತಲೆದೂಗಿದರು, ದೊರೆ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಊಟಕ್ಕೆ ಹೊರಟೇಹೋದ. ಗೇಟಿನ ಹತ್ತಿರ ಕಾದು ಕಾದು ಕೊನೆಗೆ ಅವಳು ಬಸ್ಸು ಹತ್ತಿದಳು.

ಹೋಗುವಷ್ಟರಲ್ಲಿ ಅಮ್ಮನ ಮುಖಕ್ಕೆ ಬಟ್ಟೆ ಮುಚ್ಚಿದ್ದರು. ತಂಗಿ ಗೋಡೆಗೆ ಒರಗಿ ಕೂತಿದ್ದಳು. ಅಮ್ಮ ಕೊನೆಗೆ ಹೊದ್ದಿದ್ದ ಹೊದಿಕೆ ಮಂಚದ ಮೂಲೆಯಲ್ಲಿ ಮುದ್ದೆಯಾಗಿ ಬಿದ್ದಿತ್ತು. ದೊಡ್ಡಕ್ಕ ಏನು ಮಾಡಬೇಕೆಂದು ತೋಚದೆ ಅದನ್ನು ಎತ್ತಿಕೊಂಡು, ಕೊಡವಿ, ಮೂಲೆಗೆ ಮೂಲೆ ಸೇರಿಸಿ ಅಚ್ಚುಕಟ್ಟಾಗಿ ಮಡಿಸಿದಳು. ಮಡಿಸಿ ಅಂಗೈಯಿಂದ ಗೆರೆ ಒತ್ತಿದಳು. ತಂಗಿ ಅದನ್ನು ನೋಡುತ್ತ ಕೂತಿದ್ದಳು. ತಡವಾಗಿ ಬಂದದ್ದನ್ನು ಅವಳು ಕ್ಷಮಿಸುತ್ತಿದ್ದಳೋ ಏನೋ. ಆ ಮಡಿಕೆಯನ್ನು ಕ್ಷಮಿಸಲಿಲ್ಲ.

"ಅವರಿಗೆ ಮರೆತುಹೋಗಿರ್ಬೇಕು ಪಾಪ, ಎಷ್ಟು ತಲೆಬಿಸಿ ಅವರಿಗೆ," ಅಂತ ದೊಡ್ಡಕ್ಕ ಆಮೇಲೆ ಗಂಡನಿಗೆ ಹೇಳಿದಳು.

ಆ ತಪಾಸಣೆಯ ಹೆಸರಿನಿಂದಲೇ ದೊರೆಗೆ ಇನ್ನೊಂದು ದೊಡ್ಡ ಆಸ್ಪತ್ರೆಯಲ್ಲಿ ಮೇಲಿನ ಹುದ್ದೆ ಸಿಕ್ಕಿತು. ಬಾಯ್ಲರ್ ಮಾಮನನ್ನೂ ಯಂತ್ರ ರಿಪೇರಿಯವನನ್ನೂ ಜೊತೆಗೆ ಕರೆದುಕೊಂಡು ಹೋಗುತ್ತಾನೆ ಅಂತ ಸುದ್ದಿಯಾಯಿತು. ದೊಡ್ಡಕ್ಕ ಕರೆ ಬರುತ್ತದೆ ಅಂತ ಕಾದಳು. ಆ ಕಡೆಗೆ ಯಾವ ಬಸ್ಸು ಹೋಗುತ್ತದೆ ಅಂತಲೂ ವಿಚಾರಿಸಿಟ್ಟುಕೊಂಡಿದ್ದಳು. ಕೊನೆಯ ದಿನ ದೊರೆ ಎಲ್ಲರಿಗೂ ಒಟ್ಟಿಗೆ ಕೈ ಬೀಸಿ ಹೋದ. ಅವಳು ಇನ್ನೂ ಬಾಗಿಲ ಕಡೆ ನೋಡುತ್ತಿದ್ದಾಗ ಹಾಜರಿ ಗುಮಾಸ್ತ ಪಕ್ಕಕ್ಕೆ ಬಂದು ನಕ್ಕ. "ಅಬ್ಬಾ, ನಂಗೂ ಒಂದು ಕೆಲಸ ತಪ್ಪಿತು. ದಿನಾ ಬೆಳಿಗ್ಗೆ ಯಾರ ಮನೇಲಿ ಏನಾಗಿದೆ ಅಂತ ಅವರಿಗೆ ಪಾಠ ಒಪ್ಪಿಸ್ಬೇಕಿತ್ತು."

ದೊಡ್ಡಕ್ಕನಿಗೆ ಸಿಟ್ಟು ಬಂತು. ದೊರೆಯ ಮೇಲಲ್ಲ, ಗುಮಾಸ್ತನ ಮೇಲೆ.

ದೊರೆಯ ಜಾಗಕ್ಕೆ ಬಂದವರು ತೆಳ್ಳಗಿನ, ಕನ್ನಡಕದ, ಮೆಲುದನಿಯ ಮನುಷ್ಯ. ಹೇಳಿದ್ದನ್ನು ಎರಡು ಸಲ ಹೇಳಿ "ತಿಳೀತಲ್ಲ?" ಅಂತ ಕೇಳುತ್ತಿದ್ದುದರಿಂದ ಮೊದಲ ವಾರವೇ ಮೇಷ್ಟ್ರು ಅಂತ ಹೆಸರಾಯಿತು. ಯಂತ್ರದ ಗದ್ದಲದಲ್ಲಿ ಅವರ ಮಾತು ಯಾರಿಗೂ ಕೇಳಿಸುತ್ತಿರಲಿಲ್ಲ. ಅದಕ್ಕೇ ಅವರು ಪ್ರತಿಯೊಬ್ಬರ ಹತ್ತಿರ ಹೋಗಿ ನಿಂತು ಮಾತಾಡುತ್ತಿದ್ದರು.

ಅವರು ಮೊದಲು ಹೋಗಿ ನಿಂತದ್ದು ಕೊಳೆ ಬಟ್ಟೆ ಬೇರ್ಪಡಿಸುವ ಕೋಣೆಯಲ್ಲಿ. ಲಾಂಡ್ರಿಯಲ್ಲಿ ಯಾರಿಗೂ ಬೇಡದ ಜಾಗ ಅದು. ವಾರ್ಡಿನಿಂದ ಬಂದ ಗಂಟು ಬಿಚ್ಚಿದರೆ ರಕ್ತ, ವಾಂತಿ, ಎಲ್ಲ ಇರುತ್ತಿತ್ತು. ನರ್ಸುಗಳ ಅವಸರದಲ್ಲಿ ಮರೆತ ಇಂಜೆಕ್ಷನ್ ಸೂಜಿಯೂ ಒಮ್ಮೊಮ್ಮೆ ಸಿಗುತ್ತಿತ್ತು. "ಚುಚ್ಚಿದ್ರೆ ಏನು ಮಾಡ್ತೀರಿ?" ಅಂತ ಮೇಷ್ಟ್ರು ಕೇಳಿದರು. ಅಲ್ಲಿನ ಹೆಂಗಸರನ್ನು ಅದುವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ತಿಂಗಳೊಳಗೆ ಅವರಿಗೆಲ್ಲ ದಪ್ಪ ಗ್ಲೌಸ್ ಬಂದವು. ಮಡಿಸುವವರಿಗೆ ಎತ್ತರದ ಕುರ್ಚಿಗಳು ಬಂದವು. ಕೆಲಸದ ಹೊತ್ತು ಮುಗಿದ ಕೂಡಲೇ ಮೇಷ್ಟ್ರು ತಾವೇ ಬಂದು "ಹೊರಡಿ, ಮನೇಲಿ ಕಾಯ್ತಿರ್ತಾರೆ" ಅನ್ನುತ್ತಿದ್ದರು.

ಮೊದಮೊದಲು ಜನಕ್ಕೆ ನಂಬಿಕೆ ಬರಲಿಲ್ಲ. ಇವತ್ತು ಬೈಯುತ್ತಾರೆ, ನಾಳೆ ಬೈಯುತ್ತಾರೆ ಅಂತ ಕಾದರು. ಮೇಷ್ಟ್ರು ಬೈಯಲಿಲ್ಲ. ಬರಬರುತ್ತ ಒಬ್ಬೊಬ್ಬರೇ ಬಾಲ ಬಿಚ್ಚಿದರು. ಟೀ ಹೊತ್ತು ಉದ್ದವಾಯಿತು. ಅರ್ಧ ಒಣಗಿದ ಬಟ್ಟೆ ಮಡಿಕೆಗೆ ಬಂತು. ಮಡಿಸುವ ಮೇಜಿನ ಗುಬ್ಬಿ, ಅಂದರೆ ಅಲ್ಲಿನ ಹೆಂಗಸರಲ್ಲೆಲ್ಲ ಪುಟ್ಟ ಮೈಯವಳು, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡವಳಂತೆ ನಟಿಸಿ "ತಿಳೀತಲ್ಲ? ತಿಳೀತಲ್ಲ?" ಅಂದರೆ ಎಲ್ಲರಿಗೂ ಹೊಟ್ಟೆ ಹಿಡಿದುಕೊಳ್ಳುವಷ್ಟು ನಗು. ಕೆಲಸ ಹಿಂದೆ ಬಿದ್ದ ದಿನ ಮೇಷ್ಟ್ರು ತೋಳು ಮಡಿಸಿ ತಾವೇ ಇಸ್ತ್ರಿ ಮೇಜಿಗೆ ಬಂದು ನಿಲ್ಲುತ್ತಿದ್ದರು. ಅವರು ಹಾಕಿದ ಇಸ್ತ್ರಿ ಸೊಟ್ಟ. ದೊಡ್ಡಕ್ಕನಿಗೆ ಅದನ್ನು ನೋಡಿದರೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು. ಯಜಮಾನ ಅನ್ನಿಸಿಕೊಂಡವನು ಯಜಮಾನನ ಹಾಗಿರಬೇಡವೇ.

ಈ ನಡುವೆ ತಂಗಿಯ ಮಗಳು ಅಲ್ಲಿಗೆ ಕೆಲಸಕ್ಕೆ ಬಂದಳು. ತಂಗಿ ವರ್ಷಗಳ ಮೇಲೆ ಅಕ್ಕನ ಮನೆ ಬಾಗಿಲಿಗೆ ಬಂದು, ನೀರು ಕೂಡ ಕುಡಿಯದೆ, "ನಂಗೋಸ್ಕರ ಅಲ್ಲ, ಅವಳಿಗೋಸ್ಕರ ಕೇಳ್ತಿದೀನಿ" ಅಂದಿದ್ದಳು. ದೊಡ್ಡಕ್ಕ ಮೇಷ್ಟ್ರಿಗೆ ಹೇಳಿದಳು, ಅವರು ಸೇರಿಸಿಕೊಂಡರು. ಹೊಸಬರಿಗೆ ಬೇರ್ಪಡಿಸುವ ಕೋಣೆಯೇ ಗತಿ. ಹುಡುಗಿ ಚುರುಕು, ಬಾಯಿ ತುಂಬ "ದೊಡ್ಡಮ್ಮಾ" ಅನ್ನುತ್ತಿದ್ದಳು. ಮಧ್ಯಾಹ್ನ ಇಬ್ಬರೂ ಒಂದೇ ಡಬ್ಬಿಯಿಂದ ಊಟ ಮಾಡತೊಡಗಿದರು. ಅಕ್ಕತಂಗಿಯರ ನಡುವಿನ ಗಂಟು ಆ ಡಬ್ಬಿಯ ಮೂಲಕ ಸ್ವಲ್ಪ ಸ್ವಲ್ಪವೇ ಸಡಿಲವಾಗುತ್ತಿತ್ತು.

ಒಂದು ಸಂಜೆ ಎಲ್ಲರೂ ಹೋದ ಮೇಲೆ ಮೇಷ್ಟ್ರು ದೊಡ್ಡಕ್ಕನ ಮೇಜಿನ ಹತ್ತಿರ ಬಂದರು. "ಕೂತ್ಕೊಳ್ಳಿ ಅಮ್ಮಾ. ನೀವು ಇಲ್ಲಿಗೆ ಹಳಬರು. ನಾನು ಎಲ್ಲೋ ತಪ್ತಿದೀನಿ. ಎಲ್ಲಿ ಅಂತ ಹೇಳ್ತೀರಾ?"

ಹೇಳುವುದಕ್ಕೆ ಅವಳಲ್ಲಿ ಬೇಕಾದಷ್ಟಿತ್ತು. ಯಂತ್ರದ ಹುಡುಗರು ಬಟ್ಟೆ ಬೇಗ ತೆಗೆಯುತ್ತಿದ್ದಾರೆ, ಗುಬ್ಬಿಗೆ ಒಂದು ಸಲ ಗಟ್ಟಿಯಾಗಿ ಹೇಳಿ, ನೀವು ಇಸ್ತ್ರಿಗೆ ನಿಲ್ಲಬೇಡಿ, ನಾನು ನಿಮ್ಮ ಪರವಾಗಿ ನಾಲ್ಕು ಮಾತು ಆಡುತ್ತೇನೆ. ಎಲ್ಲ ನಾಲಿಗೆಯ ತುದಿಗೇ ಇತ್ತು. ಆದರೆ ಮ್ಯಾನೇಜರ್ ಕುರ್ಚಿಯಲ್ಲಿ ಕೂತವನು ತನ್ನಂಥವಳ ಮುಂದೆ ಹೀಗೆ ಕೈ ಹೊಸೆಯುತ್ತ ನಿಂತದ್ದು ಅವಳಿಗೆ ಅಸಹ್ಯವಾಯಿತು. ದೊರೆ ಯಾವತ್ತಾದರೂ ಹೀಗೆ ಕೇಳುತ್ತಿದ್ದನೇ?

"ಎಲ್ಲಾ ಚೆನ್ನಾಗೇ ಇದೆ ಸರ್," ಅಂದಳು, ಚೀಲ ಎತ್ತಿಕೊಂಡಳು.

ಅದಾಗಿ ಹೆಚ್ಚು ದಿನ ಕಳೆದಿರಲಿಲ್ಲ. ಥಿಯೇಟರಿನಲ್ಲಿ ರೋಗಿಗೆ ಅರಿವಳಿಕೆ ಕೊಟ್ಟು ಮಲಗಿಸಿದ್ದರು. ಮೈಮೇಲೆ ಹೊದಿಸುವ ಹಸಿರು ಬಟ್ಟೆ ಬಿಚ್ಚಿದರೆ ಒಳಮಡಿಕೆಯಲ್ಲಿ ಅಂಗೈಯಗಲ ಹಳೆಯ ರಕ್ತದ ಕಲೆ. ಇನ್ನೊಂದು ಬಿಚ್ಚಿದರೆ ಅದರಲ್ಲೂ. ಬೇರೆ ಕಟ್ಟು ಹುಡುಕಿ ತರುವ ತನಕ ರೋಗಿ ಹಾಗೇ ಮಲಗಿರಬೇಕಾಯಿತು. ಅವನಿಗೇನೂ ಆಗಲಿಲ್ಲ, ಆದರೆ ಶಸ್ತ್ರಚಿಕಿತ್ಸೆಯ ದೊಡ್ಡ ಡಾಕ್ಟರು ಆ ಬಟ್ಟೆಯನ್ನು ಕೈಯಲ್ಲೇ ಹಿಡಿದುಕೊಂಡು ಲಾಂಡ್ರಿಗೆ ಇಳಿದು ಬಂದರು. ಅವರು ಅಲ್ಲಿಗೆ ಕಾಲಿಟ್ಟದ್ದೇ ಅದು ಮೊದಲು.

"ಯಾರ ಕೆಲಸ ಇದು?"

ದೊಡ್ಡಕ್ಕ ಆ ಬಟ್ಟೆಯನ್ನು ನೋಡಿದಳು. ಆ ಮಡಿಕೆ ಅವಳದೇ. ಥಿಯೇಟರಿನ ಬಟ್ಟೆಯನ್ನು ಒಂದೊಂದೇ ಬಿಡಿಸಿ, ಬೆಳಕಿಗೆ ಹಿಡಿದು ನೋಡಿಯೇ ಇಸ್ತ್ರಿ ಹಾಕಬೇಕು. ಅವತ್ತು ಅವಳು ಟೀ ಹೊತ್ತಿನಲ್ಲಿ ಗುಬ್ಬಿಯ ನಟನೆ ನೋಡಿ ನಗುತ್ತ ಕೂತವಳು, ತಡವಾಯಿತೆಂದು ಅಟ್ಟಿಗೆ ಅಟ್ಟಿಯನ್ನೇ ನೋಡದೆ ಒತ್ತಿ ಕಟ್ಟಿ ಕಳಿಸಿದ್ದಳು. ಸುತ್ತಲಿದ್ದವರಿಗೂ ಅದು ಗೊತ್ತಿತ್ತು.

ಮೇಷ್ಟ್ರು ಮುಂದೆ ಬಂದರು. "ತಪ್ಪು ನಂದು ಡಾಕ್ಟರೇ. ನಾನು ನೋಡಿ ಕಳಿಸ್ಬೇಕಾಗಿತ್ತು."

ಡಾಕ್ಟರು ಆ ಬಟ್ಟೆಯನ್ನು ಅವರ ಕಾಲ ಬುಡಕ್ಕೆ ಎಸೆದು, ಇಷ್ಟು ಜನರ ಎದುರಿಗೆ ಆಡಬಾರದ ಮಾತೆಲ್ಲ ಆಡಿ ಹೋದರು. ಮೇಷ್ಟ್ರು ಬಗ್ಗಿ ಬಟ್ಟೆ ಎತ್ತಿಕೊಂಡರು. ಆಗ ದೊಡ್ಡಕ್ಕನಿಗೆ ಅವರ ಬಗ್ಗೆ ಕೃತಜ್ಞತೆ ಹುಟ್ಟಬೇಕಾಗಿತ್ತು. ಹುಟ್ಟಿದ್ದು ಸಿಟ್ಟು. ಬೇರೆಯವರ ತಪ್ಪನ್ನು ತಲೆಗೆ ಕಟ್ಟಿಕೊಂಡು ಹೀಗೆ ಬೈಸಿಕೊಳ್ಳುತ್ತಾರಲ್ಲ, ಬೆನ್ನೆಲುಬೇ ಇಲ್ಲವೇ ಈ ಮನುಷ್ಯನಿಗೆ ಅಂತ.

ಮರುದಿನ ಅವರು ಎಲ್ಲರನ್ನೂ ಸೇರಿಸಿದರು. "ಯಾರು ಅಂತ ನಾನು ಕೇಳಲ್ಲ. ಹೇಗಾಯ್ತು ಅಂತ ಮಾತ್ರ ಹೇಳಿ. ಮತ್ತೆ ಆಗ್ಬಾರ್ದು, ಅಷ್ಟೇ."

ಎಲ್ಲರ ಕಣ್ಣೂ ದೊಡ್ಡಕ್ಕನ ಕಡೆ ಹೊರಳಿತು. ಅವಳು ಗಂಟಲು ಸರಿಮಾಡಿಕೊಂಡಳು. "ದೊಡ್ಡ ಯಂತ್ರ ಸರಿಯಾಗಿ ತೊಳೀತಿಲ್ಲ ಸರ್. ನಾವೇನು ಮಾಡೋಕಾಗುತ್ತೆ?"

ಮೇಷ್ಟ್ರು ನಂಬಿದರು. ಮೆಕ್ಯಾನಿಕ್ಕನ್ನು ಕರೆಸಿ ಆ ಯಂತ್ರವನ್ನು ಪೂರ್ತಿ ಬಿಚ್ಚಿಸಿದರು. ಒಂದು ವಾರ ಅದರ ತಿರುಪು, ಪೈಪು, ಬೆಲ್ಟುಗಳೆಲ್ಲ ನೆಲದ ಮೇಲೆ ಹರಡಿಕೊಂಡಿದ್ದವು. ಮೇಷ್ಟ್ರು ಅಂಗಿಗೆಲ್ಲ ಗ್ರೀಸ್ ಮೆತ್ತಿಕೊಂಡು ಅವುಗಳ ನಡುವೆ ಕೂತಿದ್ದರು. ಯಂತ್ರದಲ್ಲಿ ಏನೂ ದೋಷ ಇರಲಿಲ್ಲ. ಆ ಒಂದು ವಾರ ಮೇಲಿನ ವಾರ್ಡುಗಳಲ್ಲಿ ರೋಗಿಗಳು ಹಾಸಿಗೆ ಬಟ್ಟೆಯಿಲ್ಲದೆ ಮಲಗಿದರು. ದೂರಿನ ಮೇಲೆ ದೂರು ಬಂತು.

ಆಮೇಲೆ ಆಡಳಿತ ಕಚೇರಿಯ ಮೇಡಂ ದೊಡ್ಡಕ್ಕನನ್ನು ಮೇಲಕ್ಕೆ ಕರೆಸಿದರು. ತಣ್ಣಗಿನ ಕೋಣೆ, ಮೆತ್ತನೆ ಕುರ್ಚಿ. "ಮುಚ್ಚುಮರೆ ಇಲ್ಲದೆ ಹೇಳಿ. ನಿಮ್ ಮ್ಯಾನೇಜರ್ ಹೇಗೆ?"

"ಒಳ್ಳೆಯವರು ಮೇಡಂ," ಅಂದಳು. ಅಲ್ಲಿಗೇ ನಿಲ್ಲಿಸಬಹುದಿತ್ತು. "ಆದ್ರೆ ಹಿಡಿತ ಇಲ್ಲ."

ಮೇಡಂ ತಲೆಯಾಡಿಸಿದರು. ಅವರಿಗೆ ಬೇಕಾಗಿದ್ದ ಮಾತು ಅದೊಂದೇ ಅನ್ನಿಸುತ್ತದೆ. ಮುಂದಿನ ತಿಂಗಳು ಮೇಷ್ಟ್ರನ್ನು ಸಾಮಾನು ಉಗ್ರಾಣಕ್ಕೆ ಹಾಕಿದರು. "ಹೊರಗಿನೋರು ಯಾಕೆ, ನಿಮ್ಮಲ್ಲೇ ಹಿಡಿತ ಇರೋ ಹೆಂಗಸು ಇದಾರಲ್ಲ," ಅಂತ ದೊಡ್ಡಕ್ಕನನ್ನೇ ಲಾಂಡ್ರಿಯ ಮೇಲ್ವಿಚಾರಕಿ ಮಾಡಿದರು. ಮೇಷ್ಟ್ರು ಕೋಣೆಯ ಬೀಗದ ಕೈ ಕೊಡುವಾಗ ಹೇಳಿದ್ದು ಇಷ್ಟೇ, "ಬೇರ್ಪಡಿಸೋರಿಗೆ ಗ್ಲೌಸ್ ತಿಂಗಳು ತಿಂಗಳು ನೀವೇ ಕೇಳಿ ತರಿಸ್ಕೊಳ್ಳಿ. ಅವರಾಗಿ ಕಳಿಸಲ್ಲ. ತಿಳೀತಲ್ಲ?" ಪಕ್ಕದಲ್ಲಿದ್ದ ಗುಬ್ಬಿ ಕಿಸಕ್ಕೆಂದಳು.

ದೊಡ್ಡಕ್ಕ ಮೊದಲ ದಿನವೇ ದೊರೆಯಾಗಲು ಹೊರಟವಳಲ್ಲ. ನಮ್ಮವಳೇ ಬಂದಳು ಅಂತ ಇವರೆಲ್ಲ ಮನಸ್ಸಿಟ್ಟು ದುಡಿಯುತ್ತಾರೆ ಅಂತಲೇ ನಂಬಿದ್ದಳು. ಮೆತ್ತಗೆ ಹೇಳಿದಳು, ನಗುನಗುತ್ತ ಹೇಳಿದಳು. ವಾರ ಕಳೆಯುವುದರೊಳಗೆ, ಒಣಗಿಸುವ ಯಂತ್ರದ ಹಿಂದೆ ಗುಬ್ಬಿ ತನ್ನ ಹಾಗೆ ಭುಜ ಎತ್ತಿ ನಡೆದು ತೋರಿಸುತ್ತಿದ್ದುದು ಅವಳ ಕಣ್ಣಿಗೆ ಬಿತ್ತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ತಂಗಿಯ ಮಗಳೂ ಸೇರಿ. ದೊಡ್ಡಕ್ಕ ಪಕ್ಕದ ಮೇಜಿನ ಮೇಲಿದ್ದ ಅಟ್ಟಿಯನ್ನು ಎರಡೂ ಕೈಯಿಂದ ಎತ್ತಿ ಒದ್ದೆ ನೆಲಕ್ಕೆ ಕುಕ್ಕಿದಳು. ಬಾಯಿಂದ ಬಂದ ಮಾತುಗಳು ಎಲ್ಲಿ ಅಡಗಿದ್ದವೋ, ದನಿ ಸಮೇತ ದೊರೆಯವೇ.

ಎಲ್ಲರ ಕೈಗಳೂ ಚಕಚಕನೆ ಆಡತೊಡಗಿದವು. ಆ ನೋಟ ಅವಳಿಗೆ ಹಿತವಾಗಿತ್ತು.

ಅಲ್ಲಿಂದ ಮುಂದೆ ಕೆಲಸಕ್ಕೆ ರೆಕ್ಕೆ ಬಂತು. ಬಟ್ಟೆ ಹೊತ್ತಿಗೆ ಮುಂಚೆ ಮೇಲೇರಿತು. ಕಲೆ ಇಲ್ಲ, ತೇವ ಇಲ್ಲ. ದೊಡ್ಡ ಡಾಕ್ಟರೇ ಕಾರಿಡಾರಿನಲ್ಲಿ ನಿಲ್ಲಿಸಿ ಶಹಭಾಸ್ ಅಂದರು. ಕೂತರೆ ಸೋಮಾರಿತನ ಅಂತ ಕುರ್ಚಿಗಳನ್ನು ಶೆಡ್ಡಿಗೆ ಸಾಗಿಸಿದಳು. ಟೀಯನ್ನು ನಿಂತೇ ಕುಡಿಯಬೇಕಾಯಿತು. ಎಲ್ಲರೂ "ಮೇಡಂ" ಅನ್ನತೊಡಗಿದರು. ಒಂದು ಮಧ್ಯಾಹ್ನ ತಂಗಿಯ ಮಗಳು ಅಭ್ಯಾಸದಂತೆ "ದೊಡ್ಡಮ್ಮಾ" ಅಂದಾಗ, "ಇಲ್ಲಿ ಹಾಗೆಲ್ಲ ಕರೀಬೇಡ, ಉಳಿದೋರಿಗೆ ಸಲಿಗೆ ಬರುತ್ತೆ," ಅಂದಳು. ಹುಡುಗಿ ಡಬ್ಬಿ ಮುಚ್ಚಿಕೊಂಡು ಬೇರ್ಪಡಿಸುವ ಕೋಣೆಯವರ ಜೊತೆ ಊಟಕ್ಕೆ ಹೋದಳು.

ಗ್ಲೌಸ್ ಹಾಕಿಕೊಳ್ಳಬೇಡಿ ಅಂತ ಅವಳು ಯಾವತ್ತೂ ಹೇಳಲಿಲ್ಲ. ಆ ಕೋಣೆಯ ಬಾಗಿಲಲ್ಲಿ ನಿಂತು, "ಕೈ ಯಾಕೆ ಇಷ್ಟು ನಿಧಾನ? ಅಲ್ಲಿ ಯಂತ್ರ ಖಾಲಿ ತಿರುಗ್ತಿದೆ," ಅನ್ನುತ್ತಿದ್ದಳು, ಅಷ್ಟೇ. ದಪ್ಪ ಗ್ಲೌಸಿನಲ್ಲಿ ಗಂಟು ಬಿಚ್ಚಲು ಬೆರಳು ಆಡುವುದಿಲ್ಲ. ಒಬ್ಬೊಬ್ಬರಾಗಿ ಬಿಚ್ಚಿಟ್ಟರು. ಅವಳು ನೋಡಿದಳು, ನೋಡದವಳ ಹಾಗೆ ಹೋದಳು. ಹರಿದವುಗಳ ಬದಲಿಗೆ ಹೊಸದನ್ನು ತರಿಸಲಿಲ್ಲ. ಒಮ್ಮೆ ಅಲ್ಲಿನ ವಯಸ್ಸಾದ ಹೆಂಗಸೊಬ್ಬಳು ಸೂಜಿ ಚುಚ್ಚಿದ ಬೆರಳು ಹಿಡಿದುಕೊಂಡು ಬಂದಾಗ, "ಕಣ್ಣೆಲ್ಲಿತ್ತು ನಿಂಗೆ? ನೆಟ್ಟಗೆ ಕೆಲಸ ಬರದಿದ್ರೆ ಮನೇಲಿರು," ಅಂತ ಎಲ್ಲರೆದುರು ಬೈದು ವಾಪಸು ಕಳಿಸಿದಳು. ಆ ಹೆಂಗಸು ಮತ್ತೆ ಕೆಲಸಕ್ಕೆ ಬರಲಿಲ್ಲ. ಆಮೇಲೆ ಸೂಜಿ ಚುಚ್ಚಿತು ಅಂತ ಯಾರೂ ಅವಳ ಕೋಣೆಗೆ ಬರಲಿಲ್ಲ. ನೋಡಿದಿರಾ, ಹೆದರಿಕೆ ಇದ್ದರೆ ಎಷ್ಟು ಎಚ್ಚರದಿಂದ ದುಡಿಯುತ್ತಾರೆ ಅಂತ ಅವಳು ಗಂಡನಿಗೆ ಹೇಳಿದಳು.

"ಅಥವಾ ಬೆರಳನ್ನ ಜೇಬಲ್ಲಿ ಇಟ್ಕೊಂಡು ದುಡೀತಿರ್ಬೇಕು," ಅಂದ ಗಂಡ.

ತಂಗಿ ಬಂದದ್ದು ಒಂದು ರಜೆಯ ದಿನ ಬೆಳಿಗ್ಗೆ. ದೊಡ್ಡಕ್ಕ ಬಾಗಿಲು ತೆರೆದಾಗ ಅವಳು ಒಳಗೆ ಬರಲಿಲ್ಲ. ಹೊಸ್ತಿಲಾಚೆ ನಿಂತೇ ಮಾತಾಡಿದಳು. ದನಿ ಏರಿಸಲಿಲ್ಲ.

"ಮಗಳಿಗೆ ಎರಡು ತಿಂಗಳಿಂದ ಊಟ ಸೇರ್ತಿಲ್ಲ. ಮನೇಲಿ ತನ್ನ ತಟ್ಟೆ ಲೋಟ ಬೇರೆ ಇಟ್ಕೊಂಡಿದ್ಲು. ತಮ್ಮನ್ನ ಹತ್ರ ಸೇರಿಸ್ತಿರ್ಲಿಲ್ಲ. ಏನೇ ಇದು ಅಂತ ಕೇಳಿ ಕೇಳಿ ಸಾಕಾಗಿ, ನಿನ್ನೆ ಕಣ್ಣು ಹಳದಿ ಆಗಿದ್ದು ನೋಡಿ ಡಾಕ್ಟರ ಹತ್ರ ಎಳ್ಕೊಂಡ್ ಹೋದೆ. ಆಗ ಬಾಯಿ ಬಿಟ್ಲು. ಕೊಳೆ ಗಂಟಲ್ಲಿ ಸೂಜಿ ಇತ್ತಂತೆ. ಅಂಗೈಗೆ ಇಳಿದಿತ್ತಂತೆ. ನಲ್ಲಿ ಕೆಳಗೆ ತೊಳ್ಕೊಂಡು ಸುಮ್ನಾಗಿದಾಳೆ."

ದೊಡ್ಡಕ್ಕ ಹೊಸ್ತಿಲಿಗೆ ಬಂದಳು. "ನಂಗೆ ಹೇಳ್ಬಾರ್ದಿತ್ತಾ ಅವಳು?"

"ನಿಂಗೆ ಹೇಳೋಕೇ ಹೆದರಿಕೆ ಅಂತೆ." ತಂಗಿ ಅವಳ ಮುಖವನ್ನೇ ನೋಡಿದಳು. "ಡಾಕ್ಟರು ಏನಂದ್ರು ಗೊತ್ತಾ? ಚುಚ್ಚಿದ ದಿನವೇ ಬಂದಿದ್ರೆ ಔಷಧಿ ಇತ್ತು ಅಂದ್ರು. ನಿಮ್ ಆಸ್ಪತ್ರೆಯಲ್ಲೇ ಇತ್ತಂತೆ. ಮೆಟ್ಟಿಲು ಹತ್ತಿದ್ರೆ ಸಾಕಿತ್ತಂತೆ."

"ಈಗ?"

"ಈಗೇನು. ಲಿವರಿಗೆ ಹತ್ತಿದೆ. ಜೀವಕ್ಕೆ ಸದ್ಯಕ್ಕೆ ಏನಿಲ್ಲ, ವಾಸಿ ಆಗುತ್ತೆ ಅನ್ನೋಕೂ ಆಗಲ್ಲ ಅಂದ್ರು." ತಂಗಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಅಮ್ಮ ಹೋದ ದಿನ ನೀನು ಹೊತ್ತಿಗೆ ಬರ್ಲಿಲ್ಲ. ಅದು ನಿಂಗೂ ಅಮ್ಮಂಗೂ ಬಿಟ್ಟಿದ್ದು ಅಂತ ನಾನು ಸುಮ್ನಿದ್ದೆ. ಇದು ಹಾಗಲ್ಲ ಅಕ್ಕಾ." ಅಷ್ಟು ಹೇಳಿ ಮೆಟ್ಟಿಲಿಳಿದು ಹೋದಳು.

ಗಂಡ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ. ಚುಚ್ಚುಮಾತು ಆಡುವುದರಲ್ಲಿ ನಿಸ್ಸೀಮನಾದ ಅವನು ಅವತ್ತು ಒಂದು ಲೋಟ ನೀರು ತಂದುಕೊಟ್ಟು ಸುಮ್ಮನೆ ಕೂತ. ಅವನೇನಾದರೂ ಅಂದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ಮರುದಿನ ಬೆಳಿಗ್ಗೆ ಅವಳು ಲಾಂಡ್ರಿಗೆ ಹೋಗುವ ಮೊದಲು ಉಗ್ರಾಣಕ್ಕೆ ಹೋದಳು. ಮೇಷ್ಟ್ರು ಏಣಿ ಹತ್ತಿ ಬ್ಯಾಂಡೇಜಿನ ಪೆಟ್ಟಿಗೆಗಳನ್ನು ಜೋಡಿಸುತ್ತಿದ್ದರು. ಕೂದಲು ನೆರೆತಿತ್ತು, ಆದರೆ ಮುಖದಲ್ಲಿ ಮೊದಲಿಗಿಂತ ನೆಮ್ಮದಿ ಇದ್ದಂತಿತ್ತು. ಅವಳನ್ನು ನೋಡಿ ಇಳಿದು ಬಂದರು.

"ಗ್ಲೌಸ್ ಬೇಕಿತ್ತು ಸರ್. ಬೇರ್ಪಡಿಸೋರಿಗೆ."

ಅವರು ಒಳಗೆ ಹೋಗಿ ಒಂದರ ಮೇಲೊಂದು ಪೆಟ್ಟಿಗೆಗಳನ್ನು ತಂದು ಮೇಜಿನ ಮೇಲಿಟ್ಟರು. ಮೇಲೆಲ್ಲ ಧೂಳು. ಒದ್ದೆ ಬಟ್ಟೆಯಿಂದ ಒಂದೊಂದನ್ನೇ ಒರೆಸಿದರು. "ಬಂದು ಬಹಳ ದಿನ ಆಯ್ತು. ಕೇಳಿದ್ರೆ ಕೊಡ್ತಿದ್ದೆ," ಅಂದರು.

ಅವಳು ಏನೇನೋ ಹೇಳಬೇಕೆಂದು ಬಂದಿದ್ದಳು. ಥಿಯೇಟರಿನ ಬಟ್ಟೆಯ ವಿಷಯ, ಯಂತ್ರದ ವಿಷಯ, ಮೇಲಿನ ತಣ್ಣಗಿನ ಕೋಣೆಯಲ್ಲಿ ಆಡಿದ ಮಾತಿನ ವಿಷಯ. "ಸರ್, ಅವತ್ತು ಆ ಯಂತ್ರ..." ಅಂತ ಶುರುಮಾಡಿದಳು.

"ಯಂತ್ರ ಸರಿಯಾಗೇ ಇತ್ತು," ಅಂದರು ಮೇಷ್ಟ್ರು. "ಎರಡನೇ ದಿನವೇ ಗೊತ್ತಾಯ್ತು ನಂಗೆ. ಆದ್ರೂ ಪೂರ್ತಿ ಬಿಚ್ಚಿದೆ. ಅಷ್ಟರಲ್ಲಿ ನೀವೇ ಬಂದು ಹೇಳ್ತೀರಿ ಅಂದ್ಕೊಂಡಿದ್ದೆ." ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. "ಈಗ ಅದನ್ನ ಇಟ್ಕೊಂಡು ನಾನೇನು ಮಾಡ್ಲಿ ಅಮ್ಮಾ? ಪೆಟ್ಟಿಗೆ ಭಾರ ಇದೆ, ಟ್ರಾಲಿ ತಗೊಂಡು ಹೋಗಿ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಕ್ಷಮೆಯೂ ಇರಲಿಲ್ಲ. ಅವಳು ಟ್ರಾಲಿ ತಳ್ಳಿಕೊಂಡು ಬಂದಳು.

ಲಾಂಡ್ರಿಯಲ್ಲಿ ಯಂತ್ರಗಳನ್ನು ನಿಲ್ಲಿಸಿ ಎಲ್ಲರನ್ನೂ ಕರೆದಳು. ತಾನೇ ಒಬ್ಬೊಬ್ಬರ ಕೈಗೂ ಗ್ಲೌಸ್ ಇಟ್ಟಳು. ಆಮೇಲೆ ಆದಷ್ಟು ಮೆತ್ತಗೆ ಕೇಳಿದಳು, "ಯಾರಿಗಾದ್ರೂ ಸೂಜಿ ಚುಚ್ಚಿದ್ರೆ ಈಗ ಹೇಳಿ. ಬೈಯಲ್ಲ. ಮೇಲೆ ಕರ್ಕೊಂಡ್ ಹೋಗಿ ನಾನೇ ತೋರಿಸ್ತೀನಿ."

ಬೇರ್ಪಡಿಸುವ ಕೋಣೆಯ ಹೆಂಗಸರು ಹೊಸ ಗ್ಲೌಸನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದರು, ಯಾವುದು ನಿಜ, ಯಾವುದು ತಮ್ಮನ್ನು ಹಿಡಿಯಲು ಒಡ್ಡಿದ ಬಲೆ ಅಂತ ತಿಳಿಯದವರ ಹಾಗೆ. ಕೊನೆಗೆ ಗುಬ್ಬಿಯೇ ಮಾತಾಡಿದಳು. "ಇಲ್ಲ ಮೇಡಂ. ಯಾರಿಗೂ ಏನೂ ಆಗಿಲ್ಲ." ಅವಳು ಈಗ ಯಾರ ಹಾಗೂ ನಟಿಸುತ್ತಿರಲಿಲ್ಲ. ಆ ಪುಟ್ಟ ಮುಖದಲ್ಲಿ ನಗುವಿನ ಗುರುತೇ ಅಳಿಸಿಹೋಗಿತ್ತು. ಅದು ಯಾವಾಗ ಹೋಯಿತೆಂದು ದೊಡ್ಡಕ್ಕ ಗಮನಿಸಿರಲೇ ಇಲ್ಲ.

ಮತ್ತೆ ಮತ್ತೆ ಕೇಳಿದಳು. ಅವರು ಮತ್ತೆ ಮತ್ತೆ ಇಲ್ಲ ಅಂದರು. ಕೇಳಿ ಕೇಳಿ ಅವಳ ದನಿ ಗಡುಸಾಯಿತು, "ಬಾಯಿ ಇಲ್ವಾ ನಿಮಗೆ?" ಅಂತ ಅರಚಿಯೂಬಿಟ್ಟಳು. ಎಲ್ಲರೂ ಅವಸರವಸರವಾಗಿ ತಮ್ಮ ತಮ್ಮ ಜಾಗಕ್ಕೆ ಹೋಗಿ ಯಂತ್ರ ಹಾಕಿದರು.

ತಂಗಿಯ ಮಗಳು ಕೆಲಸ ಬಿಟ್ಟಳು. ಔಷಧಿಯಲ್ಲಿ ದಿನ ತಳ್ಳುತ್ತಿದ್ದಾಳೆ, ಮನೆಯ ಹತ್ತಿರದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾಳೆ ಅಂತ ಗಂಡ ಯಾರಿಂದಲೋ ಕೇಳಿ ಬಂದು ಹೇಳಿದ. ದೊಡ್ಡಕ್ಕ ನೋಡಲು ಹೋದಾಗಲೆಲ್ಲ ಬಾಗಿಲು ತೆರೆದದ್ದು ತಂಗಿಯ ಗಂಡ. "ಮಲಗಿದಾಳೆ" ಅಂತ ಅಲ್ಲಿಂದಲೇ ಕಳಿಸುತ್ತಿದ್ದ. ಆಡಳಿತದವರು ಈ ವಿಷಯ ಹೊರಗೆ ಹೋಗದ ಹಾಗೆ ನೋಡಿಕೊಂಡರು. ಲಾಂಡ್ರಿ ಇಡೀ ಆಸ್ಪತ್ರೆಗೇ ಮಾದರಿ ಅಂತ ಆ ವರ್ಷ ದೊಡ್ಡಕ್ಕನ ಫೋಟೊ ತೆಗೆದು ಕಾರಿಡಾರಿನಲ್ಲಿ ಹಾಕಿದರು. ಅವಳು ಆ ಕಾರಿಡಾರಿನಲ್ಲಿ ಹೋಗುವುದನ್ನು ಬಿಟ್ಟಳು, ಕೆಲಸವನ್ನು ಬಿಡಲಿಲ್ಲ. ಬಿಟ್ಟು ಎಲ್ಲಿಗೆ ಹೋಗುವುದು? ಇಸ್ತ್ರಿ ಮೇಜಿಗೆ ವಾಪಸು ಹೋಗುತ್ತೇನೆ ಅಂತ ಒಮ್ಮೆ ಮೇಲಿನ ಮೇಡಂಗೆ ಹೇಳಿ ನೋಡಿದಳು. "ನಿಮ್ಮಂಥೋರು ಸಿಗೋದು ಕಷ್ಟ," ಅಂತ ಅವರು ನಕ್ಕು ಕಳಿಸಿದರು. ಹಿಂದೊಮ್ಮೆ ಇಂಥ ಮಾತಿಗೆ ಅವಳು ಓಡುತ್ತಿದ್ದಳು.

ಮಳೆ ಹನಿಯುತ್ತಿದ್ದ ಒಂದು ಸಂಜೆ ಬಸ್ ನಿಲ್ದಾಣದಲ್ಲಿ, ಬಿಸಿ ಹಲಗೆಯಿಂದ ಬಟ್ಟೆ ಒತ್ತುವ ಯಂತ್ರದ ಹೊಸ ಹೆಂಗಸು ನಿಂತಿದ್ದಳು. ಮೂವತ್ತರ ಆಸುಪಾಸಿನವಳು, ಸೇರಿ ಹೆಚ್ಚು ದಿನವಾಗಿರಲಿಲ್ಲ. ದೊಡ್ಡಕ್ಕನನ್ನು ಕಂಡ ಕೂಡಲೇ ನೆಟ್ಟಗಾಗಿ, ಎಡಗೈಯನ್ನು ಚೀಲದ ಹಿಂದೆ ಸರಿಸಿಕೊಂಡಳು. ಸರಿಸುವ ಮೊದಲು ದೊಡ್ಡಕ್ಕನ ಕಣ್ಣಿಗೆ ಬಿದ್ದಿತ್ತು, ಮಣಿಕಟ್ಟಿನಿಂದ ಬೆರಳವರೆಗೆ ಸುತ್ತಿದ ಬಟ್ಟೆ, ಅದರಂಚಿನಲ್ಲಿ ಬೊಬ್ಬೆಯೆದ್ದ ಚರ್ಮ. ಬಿಸಿ ಹಲಗೆಯ ಕೆಳಗೆ ಸಿಕ್ಕಿಕೊಂಡ ಕೈ ಹೇಗಿರುತ್ತದೆ ಅಂತ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು.

"ಕೈಗೆ ಏನಾಯ್ತು?"

"ಏನಿಲ್ಲ ಮೇಡಂ. ಮನೇಲಿ ಒಲೆ ತಾಗ್ತು."

ದೊಡ್ಡಕ್ಕ ಅವಳ ಮುಖ ನೋಡಿದಳು. ಹೆಂಗಸು ಬಸ್ಸು ಬರುವ ಕಡೆ ನೋಡುತ್ತಿದ್ದಳು. ಇನ್ನೊಂದು ಸಲ ಕೇಳಬಹುದಿತ್ತು. ಚೀಲ ಸರಿಸಿ ಆ ಕೈಯನ್ನು ಹಿಡಿದುಕೊಂಡು, ರಸ್ತೆ ದಾಟಿಸಿ, ಆಸ್ಪತ್ರೆಯ ಮೆಟ್ಟಿಲು ಹತ್ತಿಸಬಹುದಿತ್ತು. ನಾಳೆ ಬೆಳಿಗ್ಗೆ ಥಿಯೇಟರಿನ ಬಟ್ಟೆ ಬೇಗ ಹೋಗಬೇಕು, ಒತ್ತುವ ಯಂತ್ರಕ್ಕೆ ಬೇರೆ ಜನ ಇಲ್ಲ ಅನ್ನುವುದು ಕೂಡ ಅದೇ ಹೊತ್ತಿಗೆ ಅವಳ ತಲೆಯಲ್ಲಿ ಹಾದುಹೋಯಿತು.

"ಒಲೆ ಹತ್ರ ನೋಡ್ಕೊಂಡು ಕೆಲಸ ಮಾಡು," ಅಂದಳು.

"ಆಯ್ತು ಮೇಡಂ," ಅಂದಳು ಹೆಂಗಸು. ಬಸ್ಸು ಬಂತು. ಹೆಂಗಸು ಪಕ್ಕಕ್ಕೆ ಸರಿದು ಅವಳಿಗೆ ಮೊದಲು ಹತ್ತಲು ದಾರಿ ಬಿಟ್ಟಳು.